ದಪ್ಪ ಅಲ್ಯೂಮಿನಾ ಬಿಲ್ಲೆ: ಬೈಂಡರ್ ಸುಡುವಾಗ ಬಿರುಕು, ನಡುವೆ ಕಪ್ಪು

ಪ್ರಶ್ನೆ
ಅಲ್ಯೂಮಿನಾ (ಒಂದು ಸೆರಾಮಿಕ್) ಪುಡಿಗೆ ಬೈಂಡರ್ ಆಗಿ, ಅಂದರೆ ಪುಡಿಯನ್ನು ಹಿಡಿದಿಡುವ ಅಂಟಾಗಿ ಪಿವಿಎ, ಜೊತೆಗೆ ಅದನ್ನು ಮೆತ್ತಗಾಗಿಸಲು ಸ್ವಲ್ಪ ಪಿಇಜಿ ಸೇರಿಸಿ ಪ್ರೆಸ್ ಮಾಡುತ್ತೇನೆ. 3 ಮಿ.ಮೀ. ಬಿಲ್ಲೆಗಳು ಚೆನ್ನಾಗಿ ಬರುತ್ತವೆ. 12 ಮಿ.ಮೀ.ನವು ಅಡ್ಡಡ್ಡ ಬಿರುಕು ಬಿಡುತ್ತವೆ, ಮುರಿದರೆ ನಡುವೆ ಕಪ್ಪು. ಬೈಂಡರ್ ಸುಡಲು ಎರಡಕ್ಕೂ ಫರ್ನೇಸನ್ನು ನಿಮಿಷಕ್ಕೆ 5 ಡಿಗ್ರಿಯಂತೆ 600ಕ್ಕೆ ಏರಿಸಿ ಒಂದು ಗಂಟೆ ನಿಲ್ಲಿಸುತ್ತೇನೆ. ಆ ಒಂದು ಗಂಟೆಯನ್ನು ನಾಲ್ಕು ಮಾಡಿದರೆ ಸರಿಹೋದೀತೇ?

ಉತ್ತರ 1
ಕಪ್ಪು ಹೋದೀತು, ಬಿರುಕು ಹೋಗದು. ಇವೆರಡೂ ಬೇರೆ ಬೇರೆ ಕಾಯಿಲೆ.

ಪಿವಿಎ ಹೆಚ್ಚಿನಂಶ ಒಡೆದು ಅನಿಲವಾಗುವುದು 200ರಿಂದ 400 ಡಿಗ್ರಿಯೊಳಗೆ. ಆ ಹೊತ್ತಿಗೆ ಒಳಗಿನ ಸಂದುಗಳಲ್ಲಿ ಇನ್ನೂ ಬೈಂಡರ್ ತುಂಬಿರುತ್ತದೆ, ಅನಿಲಕ್ಕೆ ದಾರಿಯಿರುವುದಿಲ್ಲ. ನೀವು ಆ ಭಾಗವನ್ನು 40 ನಿಮಿಷದಲ್ಲಿ ದಾಟಿಸುತ್ತಿದ್ದೀರಿ! ಬೇಕಾಗುವ ಸಮಯ ಸುಮಾರಾಗಿ ದಪ್ಪದ ವರ್ಗದಂತೆ ಏರುತ್ತದೆ: ದಪ್ಪ ನಾಲ್ಕು ಪಟ್ಟಾದರೆ ಸಮಯ 16 ಪಟ್ಟು. ಅಲ್ಲಿ ನಿಮಿಷಕ್ಕೆ ಅರ್ಧ ಡಿಗ್ರಿಗಿಂತ ಹೆಚ್ಚು ಬೇಡ. ಇನ್ನೊಂದು ಮಾತು, ಥರ್ಮೋಕಪಲ್ (ತಾಪ ಅಳೆಯುವ ತಂತಿ) ತೋರಿಸುವುದು ಫರ್ನೇಸಿನ ಬಿಸಿ, ಬಿಲ್ಲೆಯದಲ್ಲ. ಗಾಳಿಯಲ್ಲಿ ಬೈಂಡರ್ ಉರಿಯುವಾಗ ತಾನೇ ಶಾಖ ಬಿಡುತ್ತದೆ. ಒತ್ತೊತ್ತಾಗಿ ಜೋಡಿಸಿದ್ದರೆ ಬಿಲ್ಲೆ ನಿಮ್ಮ ಪ್ರೋಗ್ರಾಂ ಮೀರಿ ಓಡುತ್ತದೆ.

ಕಪ್ಪು ಅಂದರೆ ಸುಡದೆ ಉಳಿದ ಇಂಗಾಲ. ಅದಕ್ಕೆ ಆಮ್ಲಜನಕ ಒಳಗೆ ಇಳಿಯಬೇಕು: 500-600ರಲ್ಲಿ ನಿಲ್ಲಿಸಿ, ಹೊಗೆಕಿಂಡಿ ತೆರೆದಿಡಿ, ಬಿಲ್ಲೆಗಳನ್ನು ಬಿಡಿಬಿಡಿಯಾಗಿ ಇಡಿ. ಮುಗಿದಿದೆಯೇ ಎಂದು ತಕ್ಕಡಿ ಹೇಳುತ್ತದೆ. ಹಾಕಿದ ಬೈಂಡರಿನಷ್ಟೂ ತೂಕ ಇಳಿದಿರಬೇಕು (ತೇವದ ತೂಕ ಬೇರೆ). ಎತ್ತುವಾಗ ಜೋಪಾನ, ಬೈಂಡರ್ ಹೋದ ಬಿಲ್ಲೆ ಬೆರಳಿಗೇ ಪುಡಿಯಾಗುತ್ತದೆ.

ಉತ್ತರ 2
ಫರ್ನೇಸನ್ನು ದೂರುವ ಮೊದಲು ಪ್ರೆಸ್ ನೋಡಿ. ಒತ್ತಡ ಬಿಟ್ಟಾಗ ಬಿಲ್ಲೆ ಹಿಗ್ಗಿಯೂ ಅಡ್ಡ ಪದರ ಬಿಡುತ್ತದೆ. ಸುಡದ ಬಿಲ್ಲೆಯ ಅಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಬಣ್ಣ ಹಚ್ಚಿ, ಬಿರುಕಿದ್ದರೆ ಗೆರೆ ಕಾಣುತ್ತದೆ.

ಪ್ರಶ್ನೆ ಕೇಳಿದವರು
ಬಣ್ಣ ಹಚ್ಚಿದೆ. ಕೆಲವದರಲ್ಲಿ ಗೆರೆ ಬಂತು, ಕೆಲವದರಲ್ಲಿ ಇಲ್ಲ.

ಉತ್ತರ 1
ಹಾಗಾದರೆ ಎರಡನೆಯವರ ಮಾತೂ ನಿಜ, ನನಗದು ಹೊಳೆದಿರಲಿಲ್ಲ. ಗೆರೆ ಬಂದವನ್ನು ಬದಿಗಿಡಿ, ಒತ್ತಡ ಇಳಿಸಿ, ನಿಧಾನವಾಗಿ ಬಿಡಿ. ಗೆರೆಯಿಲ್ಲದವನ್ನಷ್ಟೇ ನಿಧಾನದ ಪ್ರೋಗ್ರಾಂನಲ್ಲಿ ಸುಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು.

ಉತ್ತರ 3
ನಾನು ಸಿಲಿಕಾನ್ ನೈಟ್ರೈಡ್ (ಇನ್ನೊಂದು ಸೆರಾಮಿಕ್) ಬಿಲ್ಲೆಗಳ ಬೈಂಡರನ್ನು ಗಾಳಿಯಿಲ್ಲದೆ ನೈಟ್ರೋಜನ್‌ನಲ್ಲೇ ಸುಡಬೇಕು. ಅಲ್ಲೂ ಪಿವಿಎ ನಡೆಯುತ್ತದೆಯೇ?

ಉತ್ತರ 1
ಇಂಗಾಲ ಉಳಿಯುತ್ತದೆ. ಅಕ್ರಿಲಿಕ್ ಬೈಂಡರ್ ನೋಡಿ. ಅದು ಬಿಸಿಗೆ ಮರಳಿ ಮೊನೊಮರ್ (ಅದು ಕಟ್ಟಿಕೊಂಡ ಸಣ್ಣ ಅಣುಗಳು) ಆಗಿ ಹಾರಿಹೋಗುತ್ತದೆ, ಆಮ್ಲಜನಕ ಇಲ್ಲದಿದ್ದರೂ ಶೇಷ ಕಡಿಮೆ. ಹೊಗೆಯನ್ನು ಮಾತ್ರ ಹೊರಗೆ ಸಾಗಿಸಿ.