ಆರ್ಕಿಡ್‌ಗೆ ಕಡ್ಡಿ ಬಂದಿದೆ, ಈಗೇನ್ ಮಾಡ್ಲಿ?

ಪ್ರಶ್ನೆ (ಕೋಲಾರದಿಂದ): ಹಾಲ್‌ನಲ್ಲಿರೋ ಫೆಲನಾಪ್ಸಿಸ್ ಆರ್ಕಿಡ್‌ಗೆ ಎಲೆ ಸಂದಿಯಿಂದ ಹಸಿರು ಕಡ್ಡಿ ಬರ್ತಿದೆ, ಬೇರೋ ಹೂವಿನ ದಂಟೋ ಗೊತ್ತಾಗ್ತಿಲ್ಲ, ಹೋದ್ಸಲ ಮೊಗ್ಗೆಲ್ಲ ಹಳದಿಯಾಗಿ ಉದುರೋಯ್ತು, ಬೋರ್ ನೀರೇ ಹಾಕ್ತಿದ್ದೆ.

ಉತ್ತರ 1: ತುದಿ ನೋಡಿ. ಗುಂಡಗೆ ನುಣ್ಣಗಿದ್ರೆ ಬೇರು, ಚಪ್ಪಟೆಯಾಗಿ ಚೂಪಗಿದ್ರೆ ದಂಟು. ದಂಟಾದ್ರೆ ಪಾಟ್ ತಿರುಗಿಸ್ಬೇಡಿ, ಬೆಳಕಿನ ಕಡೆಗೇ ಬೆಳೆಯೋದು, ತಿರುಗಿಸ್ತಾ ಇದ್ರೆ ಸೊಟ್ಟಸೊಟ್ಟ ಆಗುತ್ತೆ. ಹೂ ಅರಳೋಕೆ 2-3 ತಿಂಗಳು ಹಿಡಿಯುತ್ತೆ.

ಉತ್ತರ 2 (ಚಿಕ್ಕಬಳ್ಳಾಪುರ): ನಮ್ ಬೋರ್ ನೀರು ಬಕೆಟ್ಟಿಗೇ ಬಿಳಿ ಕಟ್ಟುತ್ತೆ, ಇನ್ನು ಬೇರಿಗೆ ಕೇಳ್ಬೇಕಾ! ಮಳೆನೀರು ಹಿಡಿದಿಟ್ಟು ಹಾಕಿ, ಎಲೆ ನಡುವೆ ನಿಲ್ಲಬಾರದು. ಅಂದಹಾಗೆ ಪಕ್ಕದಲ್ಲಿ ಮಾವಿನಹಣ್ಣು ಇಟ್ಟಿದ್ರಾ? ಹಣ್ಣಾಗುವಾಗ ಬರೋ ಎಥಿಲೀನ್ ಅನ್ನೋ ಗ್ಯಾಸ್‌ಗೂ ಮೊಗ್ಗು ಉದುರುತ್ತೆ.

ಕೇಳಿದವರು: ಅಯ್ಯೋ, ಬಾದಾಮಿ ಮಾವಿನ ಬುಟ್ಟಿ ಅದರ ಕೆಳಗೇ ಇತ್ತು ಮಾರಾಯ್ರೆ!