ನೆಲವೂ ಡೊಂಕು, ಕುಣಿಯಲೂ ಬರಲ್ಲ

"ಇದು ನನ್ನ ಕಾರಿನ ಫೆಂಡರ್ ಅಲ್ಲವೇ ಅಲ್ಲ" ಎಂದ ಸೀನ. ಫೆಂಡರ್ ಅಂದರೆ ಮುಂದಿನ ಚಕ್ರದ ಮೇಲೆ ಕೂರುವ ತಗಡು. ತನ್ನ ಹಳೇ ಕಾರಿಗೆಂದು ಹೊಸದು ತರಿಸಿದ್ದ.

ಡಬ್ಬದ ಮೇಲೆ ಕಾರಿನ ಹೆಸರು, ಮಾಡೆಲ್ಲು, 'ಎಡಗಡೆ' ಅನ್ನುವುದು ಎಲ್ಲ ಸರಿಯಾಗಿಯೇ ಇತ್ತು. ಒಳಗಿದ್ದ ಫೆಂಡರ್ ಅದನ್ನು ಓದಿದ ಹಾಗೆ ಕಾಣಲಿಲ್ಲ. ಹಿಂದಿನ ಬೋಲ್ಟ್ ಕೂರಿಸಿದರೆ ಮುಂದಿನದು ಕೂರದು. ಮುಂದಿನದನ್ನು ಎಳೆದು ಬಿಗಿದರೆ ಹೆಡ್‌ಲೈಟಿನ ತೂತು ಆಕಾಶ ನೋಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ರಂಗ ಬಾಗಿಲಿಗೂ ಫೆಂಡರಿಗೂ ನಡುವಿನ ಸಂದಿಗೆ ಬೆರಳು ತೂರಿಸಿ ನೋಡಿದ. "ಮೇಲೆ ಬೆರಳು ಆರಾಮಾಗಿ ಹೋಗುತ್ತೆ. ಕೆಳಗೆ ಕಾಗದವೂ ಹೋಗಲ್ಲ. ಗಾಳಿ ಬೆಳಕಿಗೆ ಒಳ್ಳೆಯದು ಬಿಡು."

ಸೀನ ತಗಡು ಕೊಯ್ಯುವ ಗ್ರೈಂಡರ್ ಎತ್ತಿಕೊಂಡ. ಮೇಷ್ಟ್ರು ಎದ್ದು ಹೋಗಿ ಪ್ಲಗ್ ಕಿತ್ತರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಹಳೇ ಕಾರು ಕಟ್ಟಿ ಕಟ್ಟಿ ಆ ಹೆಸರು ಅಂಟಿಕೊಂಡಿದೆ.

"ಹೊಸ ಪಾರ್ಟ್ ಅಂದಮೇಲೆ ಸುಮ್ನೆ ಬಂದು ಕೂರಬೇಕು ಅಲ್ವಾ ಮೇಷ್ಟ್ರೇ?"

"ಕಂಪನಿಯ ಅಚ್ಚು ಎಷ್ಟೋ ಸಲ ಗುಜರಿಗೆ ಹೋಗಿರುತ್ತೆ ಕಣೋ. ಆಮೇಲೆ ಯಾರೋ ಒಂದು ಹಳೇ ಫೆಂಡರ್ ಹುಡುಕಿ, ಅದರ ಅಳತೆ ತೆಗೆದು, ಬೇರೆ ಅಚ್ಚು ಮಾಡಿಸುತ್ತಾರೆ. ಆ ಹಳೇದು ಎಷ್ಟು ಸಲ ಗೋಡೆಗೆ ಗುದ್ದಿತ್ತೋ!"

"ಅಂದ್ರೆ ಯಾರದೋ ಆಕ್ಸಿಡೆಂಟನ್ನು ನಾನು ದುಡ್ಡು ಕೊಟ್ಟು ತಂದಿದ್ದೀನಿ."

"ಪ್ಯಾಕಿಂಗ್ ಸಮೇತ" ಎಂದ ರಂಗ.

ಅಚ್ಚು ಸರಿಯಿದ್ದರೂ ಕಷ್ಟವೇ ಅಂತೆ. ಪ್ರೆಸ್ಸಿನಲ್ಲಿ ಒತ್ತಿದ ಶೀಟು ಹೊರಗೆ ಬಂದ ಕೂಡಲೇ ತುಸು ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವುದನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನು ಸ್ವಲ್ಪ ಜಾಸ್ತಿ ಬಾಗಿಸಿರಬೇಕು. ಇಲ್ಲದಿದ್ದರೆ ತಿರುವುಗಳೆಲ್ಲ ಸಡಿಲ. ಎಂಜಿಬಿ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರದು ಅದೃಷ್ಟ. ಆ ಕಾರಿನ ತಯಾರಿಕೆ 1980ರಲ್ಲೇ ನಿಂತಿತ್ತು. ಮೂಲ ಅಚ್ಚುಗಳು ಉಳಿದಿದ್ದರಿಂದ 1988ರಲ್ಲಿ ಇಡೀ ಬಾಡಿಯೇ ಮತ್ತೆ ಹೊಸದಾಗಿ ಮಾರಾಟಕ್ಕೆ ಬಂತು.

"ಹಾಗಾದ್ರೆ ಎಂಜಿಬಿನೇ ತಗೋಬೇಕಿತ್ತು" ಎಂದು ಸೀನ ನಿಟ್ಟುಸಿರು ಬಿಟ್ಟ.

"ಬಾಗಿಲನ್ನೊಮ್ಮೆ ತೆಗಿ" ಎಂದರು ಮೇಷ್ಟ್ರು.

ಅರ್ಧ ತೆಗೆದ ಬಾಗಿಲಿನ ತುದಿಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿದರು. ಬಾಗಿಲು ಮೇಲೆದ್ದಿತು. ಬಿಟ್ಟರು. 'ಟಕ್' ಎಂದು ಇಳಿಯಿತು. ಇನ್ನೊಮ್ಮೆ ಎತ್ತಿದರು. ಇನ್ನೊಂದು 'ಟಕ್'. ಹಿಂಜಿನ ಪಿನ್ನು ಸವೆದಿತ್ತು. ಬಾಗಿಲಿನ ಹಿಂದಿನ ತುದಿ ಜೋತು ಬಿದ್ದಾಗ ಮುಂದಿನ ಅಂಚು ಮೇಲ್ಗಡೆ ಫೆಂಡರಿನಿಂದ ದೂರ ಸರಿಯುತ್ತದೆ, ಕೆಳಗಡೆ ಫೆಂಡರಿಗೆ ಒತ್ತುತ್ತದೆ. ರಂಗನ ಬೆರಳು ಹೋದದ್ದು ಆ ದಾರಿಯಲ್ಲಿ.

ಸಾಲದ್ದಕ್ಕೆ ಕಾರು ನಿಂತಿದ್ದದ್ದು ಜಾಕ್ ಸ್ಟ್ಯಾಂಡಿನ ಮೇಲೆ, ಸ್ಟ್ಯಾಂಡುಗಳು ಸಿಕ್ಕ ಸಿಕ್ಕ ಕಡೆ. ಬಾಗಿಲ ಕೆಳಗಿನ ಪಟ್ಟಿಗೆ, ಅಂದರೆ ಸಿಲ್ಲಿಗೆ, ತುಕ್ಕು ಹಿಡಿದ ಹಳೇ ಬಾಡಿ ಹಾಗೆ ನಿಂತರೆ ಬಗ್ಗುತ್ತದೆ. ಚಕ್ರದ ಮೇಲೆ ಭಾರ ಬಿಟ್ಟ ಮೇಲೆ ಗ್ಯಾಪುಗಳ ಕಥೆಯೇ ಬೇರೆ.

"ಹಾಗಾದ್ರೆ ಫೆಂಡರ್ ತಪ್ಪಿಲ್ವಾ?"

"ಅದೂ ಕಳ್ಳನೇ. ಹೆಡ್‌ಲೈಟ್ ಆಕಾಶ ನೋಡೋದಕ್ಕೆ ಅದೇ ಕಾರಣ ಇರಬಹುದು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ ರಂಗ. "ಇಲ್ಲಿ ನೆಲವೂ ಡೊಂಕು, ಕುಣಿಯಲೂ ಬರಲ್ಲ."

ಅಲ್ಲಿಂದ ಕೆಲಸ ಶುರುವಾಯಿತು. ಮೊದಲು ಪಿನ್ನು ಬದಲಾಯಿಸಿ, ಬಾಗಿಲನ್ನು ಹಿಂದಿನ ಪಿಲ್ಲರಿನ ಗೆರೆಗೆ ಕೂರಿಸಿದರು. ಆಮೇಲೆ ಬಾಗಿಲಿಗೆ ಫೆಂಡರ್, ಫೆಂಡರಿಗೆ ಬಾನೆಟ್. ಎಲ್ಲ ಬೋಲ್ಟೂ ಅರ್ಧ ಮಾತ್ರ ಬಿಗಿ. ಸೀನನಿಗೆ ಒಂದನ್ನಾದರೂ ಪೂರ್ತಿ ಬಿಗಿಯುವ ಚಪಲ. ಮೇಷ್ಟ್ರು ಸ್ಪ್ಯಾನರನ್ನೂ ಕಿತ್ತುಕೊಂಡರು. ಎಲ್ಲಿ ತಗ್ಗಿತ್ತೋ ಅಲ್ಲಿ ಶಿಮ್, ಅಂದರೆ ತೆಳು ಬಿಲ್ಲೆ. ತೂತು ಸರಿಬರದ ಕಡೆ ರೌಂಡ್ ಫೈಲಿನಿಂದ ಉದ್ದ ಮಾಡಿದ್ದಾಯಿತು. ಒಂದು ಕಡೆ ಅಂಚೇ ಮೋಟು. ಅಲ್ಲಿಗೆ ಉದ್ದಕ್ಕೂ ಸಣ್ಣ ಕಂಬಿ ಬೆಸೆದು ತಿಕ್ಕಬೇಕಾಯಿತು. ಅದನ್ನೂ ಒಂದೇ ಸಮನೆ ಬೆಸೆಯುವಂತಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಮಧ್ಯೆ ಆರಲು ಬಿಡುವುದು. ಆತುರಪಟ್ಟರೆ ಶೀಟು ಹಪ್ಪಳ.

"ಇಷ್ಟೆಲ್ಲ ಮಾಡೋದಕ್ಕಿಂತ ಪುಟ್ಟಿ ತುಂಬಿಬಿಡೋಣ" ಎಂದ ಸೀನ. "ಆ ಕಾಲದಲ್ಲಿ ಕಾರ್ಖಾನೆಯಲ್ಲೂ ಸೀಸ ತುಂಬುತ್ತಿದ್ದರಂತಲ್ಲ?"

"ತುಂಬುತ್ತಿದ್ದರು. ಕಾಯಿಸಿ, ಮರದ ಹಲಗೆಯಲ್ಲಿ ನೀವಿ, ಫೈಲ್ ಹಾಕುತ್ತಿದ್ದರು. ಅದು ಪ್ಯಾನೆಲ್ಲುಗಳ ಬೆಸುಗೆ ಮುಚ್ಚೋಕೆ. ನೀನು ಬಾಗಿಲ ಸಂದಿಯನ್ನೇ ಮುಚ್ಚೋಕೆ ಹೊರಟಿದ್ದೀಯ."

ಪೇಂಟಿಗೆ ಮುಂಚೆ ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್, ಲಾಕು, ಲೈಟು ಎಲ್ಲ ಹಾಕಿ ಒಂದು ಸಲ ನೋಡಲೇಬೇಕು ಎಂದರು ಮೇಷ್ಟ್ರು. ಪೇಂಟು ಕೂಡ ಎರಡೂ ಅಂಚಿನಿಂದ ಗ್ಯಾಪನ್ನು ಕೂದಲಷ್ಟು ತಿನ್ನುತ್ತದೆ. ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಜನ ತಪ್ಪಿಸಿಕೊಳ್ಳುವ ಹಂತ ಇದೇ. ಬಣ್ಣ ಹಾಕುವ ಆಸೆ ಯಾರನ್ನೂ ಬಿಡುವುದಿಲ್ಲ.

ಸೀನ ಬೀಡಿಂಗ್ ಹಾಕಿ ಬಾಗಿಲು ಮುಚ್ಚಿದ. ಅದು ಹಾಗೇ ವಾಪಸ್ ಬಂತು. ಜೋರಾಗಿ ಹಾಕಿದ. ಇನ್ನೂ ಜೋರಾಗಿ ಬಂತು.

"ಹೊಸ ರಬ್ಬರ್ ಗಟ್ಟಿ" ಎಂದರು ಮೇಷ್ಟ್ರು. "ಸ್ವಲ್ಪ ದಿನ ಮುಚ್ಚಿಟ್ಟರೆ ತಾನೇ ಕೂರುತ್ತೆ."

"ಮುಚ್ಚೋಕೇ ಆಗ್ತಿಲ್ವಲ್ಲ ಮೇಷ್ಟ್ರೇ!"

"ನೀನು ಒಳಗೆ ಕೂತು ಎಳಿ" ಎಂದ ರಂಗ. "ನಾವು ಹೊರಗಿನಿಂದ ತಳ್ಳುತ್ತೀವಿ."

ಸೀನ ಒಳಗೆ ಒಂದು ಕಾಲಿಟ್ಟವನು ನಿಂತ. "ಆಮೇಲೆ ತೆಗೆಯೋರು ಯಾರು?"