ಔಟ್‌ಬ್ಯಾಕ್‌ಗೆ ಕುಗ್ರಾಮ ಅನ್ನಬಹುದೇ? ದೂರದ, ವಿರಳ ಜನವಸತಿಯ ಸೀಮೆಗೆ ಯಾವ ಪದ?

ಆಸ್ಟ್ರೇಲಿಯಾದ ‘ಔಟ್‌ಬ್ಯಾಕ್’ಗೆ ಕನ್ನಡದಲ್ಲಿ ‘ಕುಗ್ರಾಮ’ ಅಂತ ಹಾಕುವುದನ್ನು ನೋಡಿದ್ದೇನೆ. ‘ಹಿಂದುಳಿದ ಪ್ರದೇಶ’ ಅಂತಲೂ ಬರೆಯುತ್ತಾರೆ, ಇನ್ನು ಕೆಲವರು ಸೀದಾ ‘ಮರುಭೂಮಿ’ ಅನ್ನುತ್ತಾರೆ. ಈ ಮೂರೂ ಹೊಂದುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಹಾಗಾದರೆ ಯಾವುದು ಹೊಂದುತ್ತದೆ? ಅದನ್ನೇ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಔಟ್‌ಬ್ಯಾಕ್ ಒಂದು ಊರಿನ ಗುಣ ಹೇಳುವ ಪದವಲ್ಲ. ಅದು ದೊಡ್ಡದೊಂದು ಹರವಿನ ಹೆಸರು. ಕರಾವಳಿಯ ನಗರಗಳನ್ನು ಬಿಟ್ಟು ಒಳಗೆ ಹೋದಷ್ಟೂ ಅದು ಮುಗಿಯುವುದಿಲ್ಲ. ಅಲ್ಲಿ ದನ ಸಾಕುವ ‘ಸ್ಟೇಷನ್’ಗಳಿವೆ. ಒಂದೊಂದು ಸ್ಟೇಷನ್ ಸಾವಿರಾರು ಚದರ ಕಿಲೋಮೀಟರ್ ಇರುವುದುಂಟು. ಅಷ್ಟು ನೆಲಕ್ಕೆ ಒಂದು ಮನೆ, ಒಂದಷ್ಟು ಕೆಲಸದವರು, ಅಷ್ಟೇ. ಗ್ರಾಮವೇ ಇಲ್ಲದ ಕಡೆ ಕುಗ್ರಾಮ ಎಲ್ಲಿಂದ ಬರಬೇಕು? ಮರುಭೂಮಿ ಅನ್ನೋಣ ಅಂದರೆ ಅದರೊಳಗೆ ಹುಲ್ಲುಗಾವಲುಗಳೂ ಇವೆ, ಕುರುಚಲು ಕಾಡೂ ಇದೆ. ಜೊತೆಗೆ ಅಲ್ಲಿನ ಮೂಲನಿವಾಸಿಗಳು ಹತ್ತಾರು ಸಾವಿರ ವರ್ಷಗಳಿಂದ ಬದುಕಿಕೊಂಡು ಬಂದ ನೆಲ ಅದು. ಅದನ್ನು ಬರೀ ಖಾಲಿ ಜಾಗ ಅನ್ನುವಂತೆ ಬರೆಯುವುದು ತಪ್ಪು.

ಕುಗ್ರಾಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರಲ್ಲಿರುವ ‘ಕು’ ಕುರೂಪ, ಕುಖ್ಯಾತಿಗಳಲ್ಲಿ ಇರುವುದೇ. ಸಂಸ್ಕೃತ ನಿಘಂಟು ಕುಗ್ರಾಮಕ್ಕೆ ಕೊಡುವ ವಿವರಣೆಯಲ್ಲಿ ರಾಜ, ಅಗ್ನಿಹೋತ್ರಿ, ವೈದ್ಯ, ಸಿರಿವಂತ, ನದಿ ಇವು ಇಲ್ಲದ ಸಣ್ಣ ಹಳ್ಳಿ ಎಂದಿದೆ. ಅಂದರೆ ಅದು ಕೊರತೆಗಳನ್ನು ಎಣಿಸುವ ಪದ. ದೂರ ಎಷ್ಟು, ಜನ ಎಷ್ಟು ಚದುರಿದ್ದಾರೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಪೇಟೆಗೆ ಹತ್ತಿರವೇ ಇರುವ, ಮನೆಗಳು ಒತ್ತೊತ್ತಾಗಿರುವ ಹಳ್ಳಿಯೂ ರಸ್ತೆ ಕೆಟ್ಟಿದ್ದರೆ ಸುದ್ದಿಯಲ್ಲಿ ಕುಗ್ರಾಮವಾಗುತ್ತದೆ. ಔಟ್‌ಬ್ಯಾಕ್‌ನಲ್ಲಿ 1928ರಿಂದಲೂ ವೈದ್ಯರು ವಿಮಾನದಲ್ಲಿ ರೋಗಿಯ ಬಳಿಗೆ ಹೋಗುತ್ತಿದ್ದಾರೆ. ಅಲ್ಲಿನ ಮುಖ್ಯ ಸಂಗತಿ ದೂರ. ಕೀಳು, ಮೇಲು ಅನ್ನುವ ಮಾತೇ ಬೇಡ. ‘ಕೊಂಪೆ’ಗೂ ಇದೇ ತೊಂದರೆ. ಸಣ್ಣ ಹಳ್ಳಿ ಅನ್ನುವ ಅರ್ಥ ನಿಘಂಟಿನಲ್ಲಿ ಉಳಿದಿದೆ. ಬಾಯಲ್ಲಿ ಉಳಿದಿರುವುದು ಹಾಳುಕೊಂಪೆ ಮಾತ್ರ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು ಜೋಡಿ. ಅಮೆರಿಕದವರು ಎಲ್ಲೋ ಮೂಲೆಯಲ್ಲಿರುವ ಹಳ್ಳಿಗಾಡಿಗೆ ‘ಬೂನ್‌ಡಾಕ್ಸ್’ ಅನ್ನುತ್ತಾರೆ. ಅದು ಇಂಗ್ಲಿಷ್ ಪದವಲ್ಲ. ಫಿಲಿಪೀನ್ಸ್‌ನ ಟಗಾಲೊಗ್ ಭಾಷೆಯಲ್ಲಿ ‘ಬುಂಡೊಕ್’ ಅಂದರೆ ಬೆಟ್ಟ. ಅಲ್ಲಿದ್ದ ಅಮೆರಿಕದ ಸೈನಿಕರು ಆ ಪದವನ್ನು ಮನೆಗೆ ತಂದರು. ನಮ್ಮ ‘ಗುಡ್ಡಗಾಡು’ ಕೂಡ ಹಾಗೇ ಅಲ್ವಾ? ಗುಡ್ಡವನ್ನು ಹೇಳುತ್ತಲೇ ‘ಸುಲಭಕ್ಕೆ ತಲುಪಲಾಗದ ಜಾಗ’ ಅನ್ನುವುದನ್ನೂ ಹೇಳಿಬಿಡುತ್ತದೆ. ಅದರಲ್ಲಿ ಕುಗ್ರಾಮದ ತಾತ್ಸಾರ ಇಲ್ಲ. ಬೂನ್‌ಡಾಕ್ಸ್‌ಗೆ ನಾನಾದರೆ ಗುಡ್ಡಗಾಡು ಅಂತಲೇ ಬರೆಯುತ್ತೇನೆ, ಸಂದರ್ಭ ಬಯಲಿನದಾಗಿದ್ದರೆ ಮಾತ್ರ ಹಳ್ಳಿಗಾಡು.

ಕನ್ನಡ ಈ ‘ಕಾಡು’ ಪದದಿಂದ ಎಷ್ಟು ಕೆಲಸ ತೆಗೆದಿದೆ ನೋಡಿ. ದಟ್ಟವಾಗಿ ಕತ್ತಲು ಕವಿದದ್ದು ಕಗ್ಗಾಡು. ಬಿಸಿಲಿಗೆ ಒಣಗಿ ಹಸಿರಿಲ್ಲದ್ದು ಬೆಂಗಾಡು. ಹಳಗನ್ನಡದ ಬೆನ್ನೀರಿನಲ್ಲಿರುವ ಬಿಸಿಯೇ ಇಲ್ಲೂ ಇದೆ. ಮರವೇ ಇಲ್ಲದಿದ್ದರೂ ಅದು ಕಾಡೇ. ಹಾಗಾಗಿ ಇಲ್ಲಿ ಕಾಡು ಅಂದರೆ ಮರಗಳ ಗುಂಪು ಅನ್ನುವುದಕ್ಕಿಂತ ಊರಿನ ಆಚೆ ಇರುವುದು ಅನ್ನುವ ಅರ್ಥವೇ ಮುಂದೆ ನಿಲ್ಲುತ್ತದೆ. ಔಟ್‌ಬ್ಯಾಕ್‌ನ ನಡುಭಾಗದ ಕೆಂಪು ನೆಲಕ್ಕೆ ಬೆಂಗಾಡು ಚೆನ್ನಾಗಿ ಒಪ್ಪುತ್ತದೆ. ಆದರೆ ಅಲ್ಲಿ ಜನ ಇದ್ದಾರೆ ಅನ್ನುವುದು ಈ ಪದದಲ್ಲಿ ಕಾಣುವುದಿಲ್ಲ.

‘ಒಳನಾಡು’ ಅನ್ನಬಾರದೇ ಅಂತ ಯಾರಾದರೂ ಕೇಳಬಹುದು. ಕೇಳಲು ಚೆಂದ, ಅರ್ಥವೂ ಹತ್ತಿರ. ತೊಡಕು ಏನೆಂದರೆ ಹವಾಮಾನ ವರದಿ ಅದನ್ನು ಆಗಲೇ ತೆಗೆದುಕೊಂಡಿದೆ. ದಕ್ಷಿಣ ಒಳನಾಡಿನಲ್ಲಿ ಮಳೆ ಅಂದರೆ ಅದರಲ್ಲಿ ಬೆಂಗಳೂರೂ ಸೇರಿದೆ! ಕರಾವಳಿಯಲ್ಲದ್ದೆಲ್ಲ ಒಳನಾಡು ಅನ್ನುವ ಬಳಕೆ ಓದುಗರ ತಲೆಯಲ್ಲಿ ಕೂತಿರುವಾಗ, ಜನ ವಿರಳ ಅನ್ನುವ ಅರ್ಥವನ್ನು ಅದಕ್ಕೆ ಹೊರಿಸುವುದು ಕಷ್ಟ. ಬಂದರಿನ ಹಿಂದಿನ ನೆಲಕ್ಕೆ ಜರ್ಮನ್ನಿನಿಂದ ಬಂದ ‘ಹಿಂಟರ್‌ಲ್ಯಾಂಡ್’ ಇದೆಯಲ್ಲ, ಅದಕ್ಕೆ ಒಳನಾಡು ಸರಿ.

ಇನ್ನು ಹಟ್ಟಿ, ಹಾಡಿ, ಪೋಡು, ತಾಂಡಾ ಇವೆಲ್ಲ ಅಲ್ಲಿ ಯಾರು ಇದ್ದಾರೆ ಅನ್ನುವುದನ್ನು ಹೇಳುತ್ತವೆ. ಪೋಡು ಅಂದರೆ ಸೋಲಿಗರು, ತಾಂಡಾ ಅಂದರೆ ಲಂಬಾಣಿಗರು. ಬೇರೆ ದೇಶದ ಜಾಗಕ್ಕೆ ಇವನ್ನು ಅಂಟಿಸಬಾರದು. ಕಂದಾಯ ಇಲಾಖೆಯ ‘ಬೇಚರಾಕ್’ ಪದ ಮಾತ್ರ ಇಲ್ಲಿ ಗಮನಿಸಬೇಕಾದದ್ದು. ಪಾರಸಿಯಲ್ಲಿ ‘ಬೇ-ಚರಾಗ್’ ಅಂದರೆ ದೀಪವಿಲ್ಲದ್ದು. ದಾಖಲೆಯಲ್ಲಿ ಗ್ರಾಮದ ಹೆಸರಿದೆ, ಗಡಿ ಇದೆ, ಆದರೆ ಸಂಜೆ ದೀಪ ಹಚ್ಚುವವರಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳಲ್ಲಿ ಸುಮಾರು 1,900 ಹೀಗೆ ಜನವಸತಿ ಇಲ್ಲದವು. ಎಷ್ಟು ಒಳ್ಳೆಯ ಪದ! ಆದರೆ ಅದು ಸೊನ್ನೆಯನ್ನು ಹೇಳುತ್ತದೆ. ನಮಗೆ ಬೇಕಾದದ್ದು ಸ್ವಲ್ಪವೇ ಜನ ಇರುವ ಕಡೆಗೆ.

ಇದರ ಜೊತೆ ಕಲಸಿಕೊಳ್ಳಬಾರದ ಇನ್ನೊಂದು ಅರ್ಥವೂ ಇದೆ. ಸ್ಪೇನ್‌ನಲ್ಲಿ ಜನ ಬಿಟ್ಟುಹೋದ ಒಳಪ್ರಾಂತ್ಯಗಳನ್ನು ‘ಎಸ್ಪಾನ್ಯಾ ವಾಸಿಯಾದಾ’ ಅನ್ನುತ್ತಾರೆ, ಬರಿದು ಮಾಡಲ್ಪಟ್ಟ ಸ್ಪೇನ್ ಅಂತ. 2019ರ ಮಾರ್ಚ್‌ನಲ್ಲಿ ಅಲ್ಲಿನವರು ಮ್ಯಾಡ್ರಿಡ್‌ಗೆ ಬಂದು ಇದೇ ಹೆಸರಿನಲ್ಲಿ ದೊಡ್ಡ ಮೆರವಣಿಗೆ ಮಾಡಿದರು. ಜಪಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ 65 ದಾಟಿರುವ ಹಳ್ಳಿಗೆ ‘ಗೆಂಕಾಯ್ ಶೂರಾಕು’ ಅನ್ನುವ ಪದವೇ ಇದೆ. ಇವು ಮೊದಲು ತುಂಬಿದ್ದು ಆಮೇಲೆ ಬರಿದಾದ ಊರುಗಳು. ಔಟ್‌ಬ್ಯಾಕ್ ಹಾಗಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರಿಗೆ ವಿಷಯವೇ ತಲುಪುವುದಿಲ್ಲ.

ಸದ್ಯಕ್ಕೆ ನಾನು ‘ದೂರಸೀಮೆ’ ಅಂತ ಬರೆಯುತ್ತಿದ್ದೇನೆ. ಬಯಲುಸೀಮೆಯಿಂದಾಗಿ ‘ಸೀಮೆ’ಗೆ ಹರವಿನ ಅರ್ಥ ಮೊದಲೇ ಇದೆ, ತಾತ್ಸಾರವೂ ಇಲ್ಲ. ಆದರೂ ವಿರಳತೆ ಅದರಲ್ಲಿ ಪೂರ್ತಿ ಬರುವುದಿಲ್ಲ. ನಮ್ಮಲ್ಲಿ ‘ಕೂಗಳತೆ’ ಅಂತ ಒಂದು ಪದ ಇದೆಯಲ್ಲ, ಕೂಗಿದರೆ ಕೇಳಿಸುವಷ್ಟು ದೂರ. ವಿರಳ ಜನವಸತಿ ಅಂದರೆ ನನ್ನ ಪ್ರಕಾರ ಮನೆಯಿಂದ ಮನೆಗೆ ಕೂಗಳತೆ ಮೀರಿದ ಜಾಗ. ಇದಕ್ಕೆ ಗಟ್ಟಿಯಾದ ಒಂದೇ ಪದ ಮಲೆನಾಡಿನಲ್ಲೋ ಕೊಡಗಿನಲ್ಲೋ ಇರಬೇಕು, ಏಕೆಂದರೆ ಅಲ್ಲಿ ಒಂಟಿಮನೆಗಳೇ ಜಾಸ್ತಿ. ಆ ಕಡೆಯವರು ದಯವಿಟ್ಟು ಹೇಳಿ. ಮನೆಗಳು ಹೀಗೆ ದೂರ ದೂರ ಇರುವ ಇಡೀ ಪ್ರದೇಶಕ್ಕೆ ನಿಮ್ಮ ಹಿರಿಯರು ಏನನ್ನುತ್ತಾರೆ? ಒಂಟಿಮನೆಗಲ್ಲ, ಆ ಪ್ರದೇಶಕ್ಕೆ.